ಬಾಲದ ಗೂಡಿನ ಕೂಗು

ಗ್ರಿಮ್ಸ್‌ಬಿ
೧೪ ನವೆಂಬರ್ ೧೯೬೧

ಸಿರಿಲ್,

ಲೋಕ ನಿನ್ನನ್ನು ಏಡ್ರಿಯನ್ ಥಾರ್ಲಿ ಎನ್ನಲಿ, ಅದು ಸಿನಿಮಾದ ಹೆಸರು. ಯುದ್ಧದಲ್ಲಿ ನಿನ್ನ ಬಾಂಬರ್ ವಿಮಾನದ ಎಂಜಿನ್ ನೋಡಿಕೊಂಡ ನನಗೆ ನೀನು ಸಿರಿಲ್ಲೇ. ಹೋದ ಕ್ರಿಸ್‌ಮಸ್ಸಿನ ಕಾರ್ಡಿಗೆ ಉತ್ತರ ಬರೆಯದಿದ್ದದ್ದಕ್ಕೆ ಕ್ಷಮಿಸು. ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ.

ಭಾನುವಾರ ನೀನು ಟೆಲಿವಿಷನ್ನಿನಲ್ಲಿ ಬರುತ್ತೀಯೆಂದು ನಮ್ಮ ಬೀದಿಯ ಅರ್ಧ ಜನ ನಮ್ಮ ಮನೆಯಲ್ಲೇ ತುಂಬಿದ್ದರು. ನನ್ನ ಹೆಂಡತಿ ಹಿಲ್ಡಾ ಕೇಕ್ ಮಾಡಿದ್ದಳು. ಅತ್ತೆ ಚರ್ಚಿನ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದರು. ತಮ್ಮ ಮಗ ಲೆನ್ ಇದ್ದ ವಿಮಾನ ನಡೆಸಿದವನು ಇವನೇ ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆಮೇಲೆ ನೀನು ಬಾಯಿಬಿಟ್ಟೆ. ಜರ್ಮನಿಯಿಂದ ಮರಳುವಾಗ ವಿಮಾನದ ಬಾಲದ ಗೂಡಿಗೆ ಗುಂಡು ಬಿದ್ದದ್ದು, ಅಲ್ಲಿ ಬಂದೂಕು ಹಿಡಿದು ಕೂತಿದ್ದ ಹುಡುಗ ಸಮುದ್ರ ದಾಟುವವರೆಗೂ ಅಮ್ಮಾ ಅಮ್ಮಾ ಎಂದು ಕೂಗಿದ್ದು, ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತಲೇ ನೀನು ವಿಮಾನ ನಡೆಸಿದ್ದು. ಎಲ್ಲಿ ಮಾತು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಎಲ್ಲಿ ಕಣ್ಣು ಒದ್ದೆಯಾಗಬೇಕೋ ಅಲ್ಲಿ ಒದ್ದೆ ಮಾಡಿಕೊಂಡೆ. ಕೊನೆಗೆ ಲೆನ್ ಕಾಬ್ ಎಂದು ಹೆಸರನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೆ. ನಾಚಿಕೆಯಾಗಲಿಲ್ಲವೇ ನಿನಗೆ?

ನಮ್ಮ ವಿಮಾನಪಡೆಯವರಲ್ಲೊಂದು ಕಟ್ಟಳೆ ಇತ್ತು. ಸತ್ತವನ ಮನೆಗೆ ಉಳಿದವರು ಹೋಗಬೇಕು, ಅವನಿಗೆ ಗೊತ್ತೇ ಆಗಲಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು ಎನ್ನಬೇಕು. ಹೇಗೆ ಸತ್ತಿದ್ದರೂ ಅದೇ ಮಾತು. ಇದೇ ಮನೆಯ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದು ಅದನ್ನು ಹೇಳಿದವನು ನೀನು. ಉಳಿದ ಐವರು ಹಿಂದೆ ನಿಂತು ತಲೆಯಾಡಿಸಿದೆವು. ನಿನ್ನ ಜನ್ಮದಲ್ಲಿ ನೀನು ಚೆನ್ನಾಗಿ ನಟಿಸಿದ್ದು ಅದೊಂದೇ ಸಲ.

ಲೆನ್‌ನ ತಂಗಿ ಹಿಲ್ಡಾಳನ್ನು ನಾನು ಮೊದಲು ಕಂಡದ್ದೂ ಅಂದೇ. ಅವಳನ್ನು ಮದುವೆಯಾಗಿ, ಈ ಮನೆಗೇ ಬಂದು, ನಿನ್ನ ಸುಳ್ಳನ್ನು ನಾನು ಕಾಯ್ದುಕೊಂಡು ಬಂದೆ. ಪ್ರತಿ ವರ್ಷ ಲೆನ್ ಸತ್ತ ದಿನ ಅತ್ತೆ ಕೇಳುತ್ತಿದ್ದರು, "ಅವನಿಗೇನೂ ಗೊತ್ತಾಗ್ಲಿಲ್ಲ, ಅಲ್ವೇನಪ್ಪ ವಿಲ್ಫ್?" ಗೊತ್ತಾಗಲಿಲ್ಲ ಎನ್ನುತ್ತಿದ್ದೆ. ಆ ಮಾತಿನ ಮೇಲೆಯೇ ಅವರು ನಿದ್ದೆ ಮಾಡುತ್ತಿದ್ದರು.

ಲೆನ್ ಹತ್ತಿರ ತೆವಳಿಕೊಂಡು ಹೋಗುತ್ತೇನೆಂದು ಅಂದು ನಾನು ಎರಡು ಸಲ ಕೇಳಿದೆ, ನೀನು ಬಿಡಲಿಲ್ಲ. ಎಂಜಿನ್ ಉರಿಯುತ್ತಿತ್ತು, ನೀನು ಮಾಡಿದ್ದು ಸರಿ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಭಾನುವಾರ ಯಾವ ಎಂಜಿನ್ ಉರಿಯುತ್ತಿತ್ತು? ಮಾತಿಗೆ ಬರ ಬಂದಿದ್ದರೆ ನಿನ್ನ ಮೂರು ಮದುವೆಗಳ ಸುದ್ದಿ ಹೇಳಬಹುದಿತ್ತು. ನಾವೆಲ್ಲ ಇದನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಿದವರಲ್ಲ.

ದೇವರು ನಿನ್ನ ಗಂಟಲನ್ನು ಚೆನ್ನಾಗಿಟ್ಟಿರಲಿ, ನಿನ್ನ ಊಟ ಅದರಿಂದಲೇ ತಾನೆ. ಇನ್ನು ಕಾರ್ಡು ಕಳಿಸಬೇಡ.

ವಿಲ್ಫ್ ಆಗ್ಡನ್

ತಾ.ಕ.: ಅತ್ತೆ ನಿನ್ನನ್ನು ಒಂದು ಮಾತೂ ಬೈಯಲಿಲ್ಲ. ನೆರೆಯವರೆಲ್ಲ ಎದ್ದುಹೋದ ಮೇಲೆ ನನ್ನ ಕಡೆ ತಿರುಗಿದರು. "ನನ್ನ ಮಗ ನನ್ನ ಕರೆದ ಅಂತ ಅವನಾದ್ರೂ ಹೇಳ್ದ. ನೀನು ಇಷ್ಟು ವರ್ಷ ನನ್ನ ಕೈಯಡುಗೆ ಉಂಡು, ಅದನ್ನ ನೀನೊಬ್ನೇ ಇಟ್ಕೊಂಡೆ," ಎಂದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ಹಿಲ್ಡಾಳ ಕೈಲಿ ನಿನ್ನ ವಿಳಾಸ ಕೇಳಿಸಿದ್ದರು, ಕೊಟ್ಟಿದ್ದೇನೆ. ಅವರು ಬರೆದರೆ ಉತ್ತರ ಕೊಡು.