ಆರು ವೋಲ್ಟಿನ ಸ್ಟಾರ್ಟರ್

ಮಧುಕರ,

ನಮ್ಮ ಬಾಡಿಗೆ ಮೋಟಾರಿನ ಸುಟ್ಟ ಸ್ಟಾರ್ಟರ್ ಬಿಚ್ಚಿಕೊಂಡು ಬೆಳಗಿನ ರೈಲಿಗೆ ಬೆಳಗಾವಿಗೆ ಹೊರಟಿದ್ದೇನೆ. ಅಲ್ಲಿ ದಂಡಿನ ಕ್ಯಾಂಪಿನ ಮೋಟಾರು ಮೇಸ್ತ್ರಿಯ ಹತ್ತಿರ ಹನ್ನೆರಡು ವೋಲ್ಟಿನದು ಸಿಕ್ಕರೆ ಸಂಜೆಯೇ ಜೋಡಿಸೋಣ.

ಇವತ್ತು ಮೋಟಾರು ಹೊರಡುವುದಿಲ್ಲ. ಪಾರಿಶ್ವಾಡಕ್ಕೆ ಹೋಗುವವರು ಬಂದರೆ ನಾಳೆ ಬನ್ನಿ ಅನ್ನು. ಬ್ಯಾಟರಿಯ ತಂತಿ ಬಿಚ್ಚಿಟ್ಟಿದ್ದೇನೆ, ಮುಟ್ಟಬೇಡ.

ನಿನ್ನೆ ಮಂದಿಯ ಮುಂದೆ, "ಅಷ್ಟೊತ್ತು ಸ್ಟಾರ್ಟರಿನ ಸ್ವಿಚ್ ತುಳದು ನೀನ ಸುಟ್ಟಿ" ಎಂದು ನಿನ್ನ ಮೇಲೆ ಕೂಗಾಡಿದೆ. ತಪ್ಪು ನಿನ್ನದಲ್ಲ. ದೀಪ ಚೆನ್ನಾಗಿ ಉರಿಯಲಿ ಎಂದು ಆರು ವೋಲ್ಟನ್ನು ಹನ್ನೆರಡು ಮಾಡಿದವನು ನಾನು. ಬ್ಯಾಟರಿ, ಡೈನಮೋ, ಬಲ್ಬು ಎಲ್ಲ ಬದಲಿಸಿದೆ. ಸ್ಟಾರ್ಟರ್ ಮಾತ್ರ ಆರು ವೋಲ್ಟಿನ ಹಳೆಯದೇ ನಡೆದೀತು ಎಂದು ಬಿಟ್ಟೆ, ಅದು ಹನ್ನೆರಡನ್ನು ತಾಳಲಿಲ್ಲ. "ಅದನ್ನೂ ಬದಲ್ ಮಾಡಬೇಕಲ್ಲೋ ಅಣ್ಣಾ" ಎಂದು ನೀನು ಆಗಲೇ ಅಂದಿದ್ದೆ. ನಾಳೆ ಅದೇ ಮಂದಿಯ ಮುಂದೆ ಇದನ್ನೂ ಹೇಳುತ್ತೇನೆ.

ಆದರೂ ನಿನ್ನ ಸಿಟ್ಟೂ ಕಡಿಮೆಯದಲ್ಲ. ನಾನು ಬೈದೆನೆಂದು ನೀನು ಹಟಕ್ಕೆ ಬಿದ್ದು, ಎಂಜಿನ್ ಹೊರಡಿಸಲು ಮುಂದಿನ ಹ್ಯಾಂಡಲ್ ತಿರುವಿದೆ. ಅದು ಹಿಂದಕ್ಕೆ ಹೊಡೆದು ಮಣಿಕಟ್ಟು ಬಾತಿದೆ. ನಿನ್ನ ಅತ್ತಿಗೆ ಅರಿಶಿನ ಬಿಸಿ ಮಾಡಿ ಹಚ್ಚುತ್ತಾಳೆ, ಸುಮ್ಮನೆ ಹಚ್ಚಿಸಿಕೋ.

ನಾನಿಲ್ಲದಾಗ ಮತ್ತೆ ತಿರುವಲು ಹೋಗುತ್ತೀ, ಗೊತ್ತಿದೆ. ಹ್ಯಾಂಡಲ್ ಹುಡುಕಬೇಡ. ಅದೂ ನನ್ನ ಜೊತೆ ರೈಲು ಹತ್ತುತ್ತಿದೆ.

ಅಣ್ಣ ತ್ರ್ಯಂಬಕ