ಬಾಗಿಲ ಬಳಿಯ ಸ್ಲೇಟು

ಮಾರ್ಚ್ ೧೨, ಮಧ್ಯಾಹ್ನ

ನನ್ನ ಪುಟ್ಟಿಗೆ,

ಆಶ್ರಮಕ್ಕೆ ಬಂದು ಒಂಬತ್ತು ದಿನವಾಯಿತು. ತಲುಪಿದ ದಿನವೇ ಬರೆಯಬೇಕಿತ್ತು, ತಪ್ಪಾಯಿತು. ನನ್ನ ಫೋನಂತೂ ನೀನು ಎತ್ತುವುದಿಲ್ಲ, ಕಾಗದವನ್ನಾದರೂ ಒಡೆದು ನೋಡುತ್ತೀಯೋ ಇಲ್ಲವೋ ಎಂದು ಪೆನ್ನು ಹಿಡಿದು ಹಿಡಿದು ಕೆಳಗಿಟ್ಟೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಆಸ್ಪತ್ರೆಯಲ್ಲಿ ಎರಡೆರಡು ಶಿಫ್ಟು ಮಾಡಿ ಸೊರಗಬೇಡ. ನರ್ಸಮ್ಮನಿಗೇ ಆರೋಗ್ಯದ ಪಾಠ ಹೇಳಲು ಹೊರಟೆ ನೋಡು!

ನನ್ನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಸಮುದ್ರದ ಕಡೆಗೆ ಒಂದು ಕಿಟಕಿ. ದರ್ಜಿಯ ಕೈ ಸುಮ್ಮನಿರುತ್ತದೆಯೇ? ಗುರುಗಳಿಬ್ಬರ ಕಾವಿ ಬಟ್ಟೆಗೂ ಅಂಚು ಹೊಲಿದು ಕೊಟ್ಟೆ. ಬೆಳಗ್ಗೆ ದೊಡ್ಡ ಗುರುಗಳು ಜಗಲಿಯಲ್ಲಿ ಸಮುದ್ರ ನೋಡುತ್ತ ಕೂರುತ್ತಾರೆ. ಅವರದು ಮೌನ. ನಾವೂ ಹಿಂದೆ ಸುಮ್ಮನೆ ಕೂತು, ಏಳುವಾಗ ಅವರ ಕಾಲ ಬಳಿ ನಮ್ಮ ಕಷ್ಟ ಹೇಳಿಕೊಳ್ಳುತ್ತೇವೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಎರಡು ಗಂಟೆ ಮುಚ್ಚಿಕೊಂಡಿದ್ದರೆ ದವಡೆ ನೋಯುತ್ತದೆ.

ನಾನು ಬಂದದ್ದು ಒಂದೇ ಮಾತಿಗೆ. ಹೋದ ವರ್ಷ ನಿನ್ನಪ್ಪನ ಹೃದಯದ ಆಪರೇಷನ್‌ಗೆ ದಿನ ಗೊತ್ತಾದಾಗ ಇದೇ ಜಗಲಿಗೆ ಓಡಿಬಂದು, "ಆಪರೇಷನ್ ಬೇಡ ಅಲ್ವಾ ಸ್ವಾಮಿ, ನಿಮ್ಮ ಆಶೀರ್ವಾದ ಸಾಕಲ್ವಾ?" ಎಂದು ಕೇಳಿದ್ದೆ. ಅವರು ನಕ್ಕು ತಲೆಯ ಮೇಲೆ ಕೈಯಿಟ್ಟರು. "ಅಮ್ಮಾ, ನಕ್ಕರೆ ಹ್ಞೂಂ ಅಂತನಾ? ಯಾರನ್ನ ನಂಬ್ತಿದೀಯ ನೀನು?" ಎಂದು ನೀನು ಬಡಕೊಂಡೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತನೆಯ ದಿನ ಅಪ್ಪ ಹೋದರು. ನನ್ನ ತಪ್ಪಿಲ್ಲ ಎಂದು ಗುರುಗಳಿಂದಲೇ ಅನ್ನಿಸಿಕೊಂಡು ನಿನ್ನ ಮುಂದೆ ಬಂದು ನಿಲ್ಲಬೇಕು ಎಂಬ ಆಸೆಯಿಂದ ಬಂದೆ. ಮೊದಲ ದಿನವೇ ಕೇಳಿದೆ. ಅದೇ ನಗು, ಅದೇ ಕೈ. ಒಂದು ವಾರ ಹಗುರವಾಗಿದ್ದೆ ಕಣೇ.

ಮೊನ್ನೆ ಅವರ ಬೆನ್ನ ಹಿಂದೆಯೇ ನನ್ನ ಕೈಯಿಂದ ಸ್ಟೀಲ್ ಬಕೆಟ್ಟು ಜಾರಿ ಬಿತ್ತು. ಕಾಗೆಗಳೆಲ್ಲ ಹಾರಿಹೋದವು, ಕೂತವರೆಲ್ಲ ಬೆಚ್ಚಿಬಿದ್ದರು. ದೊಡ್ಡವರು ಮಾತ್ರ ಅಲುಗಲಿಲ್ಲ. ಅಬ್ಬಾ, ಎಂಥ ಸಮಾಧಿ ಎಂದು ಚಿಕ್ಕ ಗುರುಗಳ ಹತ್ತಿರ ಹೇಳಿ ಕೈಮುಗಿದೆ.

"ಸಮಾಧಿ ಅಲ್ಲಮ್ಮ, ಕಿವಿ," ಎಂದರು ಅವರು. "ಮೂರು ವರ್ಷದಿಂದ ಏನೂ ಕೇಳ್ಸಲ್ಲ ಅವರಿಗೆ. ಕೇಳೋದಿದ್ರೆ ಬರೆದು ತೋರಿಸ್ಲಿ ಅಂತಾನೇ ಬಾಗಿಲ ಹತ್ರ ಸ್ಲೇಟು ಇಟ್ಟಿದೀವಲ್ಲ, ನೋಡ್ಲಿಲ್ವಾ?"

ನೋಡಿದ್ದೆ ಪುಟ್ಟಿ. ಹೋದ ವರ್ಷವೂ ನೋಡಿದ್ದೆ. ಅದರ ಮೇಲೆ ನೀರಿನ ಲೋಟ ಇಡುತ್ತಿದ್ದೆ.

ಇವತ್ತು ಬೆಳಗ್ಗೆ ಅದನ್ನು ಸೆರಗಿನಲ್ಲಿ ಒರೆಸಿ, ಹೋದ ವರ್ಷದ ಪ್ರಶ್ನೆಯನ್ನೇ ಬರೆದೆ: "ನಮ್ಮ ಯಜಮಾನರಿಗೆ ಹೃದಯದ ಆಪರೇಷನ್ ಆಗಬೇಕಂತೆ. ಮಾಡಿಸಲಾ, ಬೇಡವಾ?" ಅವರು ಕನ್ನಡಕ ಹಾಕಿಕೊಂಡು ಓದಿದರು. ಬಳಪ ಇಸಿದುಕೊಂಡು ಕೆಳಗೆ ಬರೆದರು: "ಡಾಕ್ಟರು ಹೇಳಿದಂತೆ ಮಾಡಿ. ತಡ ಮಾಡಬೇಡಿ." ಆಮೇಲೆ ನಕ್ಕು ನನ್ನ ತಲೆಯ ಮೇಲೆ ಕೈಯಿಟ್ಟರು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಬರುತ್ತಿಲ್ಲ. ಪಾಪ, ಅವರೇನು ಮಾಡಿಯಾರು? ನೀನು ಹೇಳಿದ್ದೇ ಸರಿ. ಇನ್ನು ಇಲ್ಲಿ ಕೇಳುವುದು ಏನೂ ಉಳಿದಿಲ್ಲ, ಮನೆಗೆ ಹೋಗಲು ಕಾಲೂ ಬರುತ್ತಿಲ್ಲ. ನಿನ್ನ ಕೈಯಲ್ಲಿ ನಾಲ್ಕು ಜೀವ ಉಳಿಯಲಿ, ನೀನು ಚೆನ್ನಾಗಿರು ತಾಯಿ.

ಇಂತಿ,
ಅಮ್ಮ

ಇನ್ನೊಂದು ಮಾತು. ಆಪರೇಷನ್ ಅಪ್ಪನಿಗೂ ಇಷ್ಟವಿರಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಅವತ್ತು ನಾನು ಇಲ್ಲಿಂದ ಮನೆಗೆ ಹೋದಾಗ ಅವರು ಗಡಿಯಾರದಂಗಡಿಗೆ ಬೀಗ ಹಾಕಿ, ಆಸ್ಪತ್ರೆಗೆಂದು ಚೀಲ ತುಂಬಿಕೊಂಡು, ಷೂ ಹಾಕಿಕೊಂಡು ಕಾಯುತ್ತಿದ್ದರು. "ಗುರುಗಳು ನಿಜವಾಗ್ಲೂ ಬೇಡ ಅಂದ್ರಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹ್ಞೂಂ ಅಂದೆ. ಬಗ್ಗಿ ಅವರ ಷೂ ಬಿಚ್ಚಿದವಳು ನಾನೇ.