ನಡಾವಳಿಯಲ್ಲಿಲ್ಲದ ಹನ್ನೊಂದು ದಿನ

ಅಣ್ಣಾ ನಗರ್, ಚೆನ್ನೈ
9 ಆಗಸ್ಟ್ 2007, ಗುರುವಾರ

ಮಾನ್ಯಾಳ ಅಪ್ಪನಿಗೆ,

ಅನಸೂಯಳ ನಮಸ್ಕಾರ. ನಿಮ್ಮ ಮೊಣಕಾಲು ಹೇಗಿದೆ? ಕೊಲಂಬೊದ ನಿಮ್ಮ ವಿಮಾ ಕಚೇರಿಯವರು ಲಿಫ್ಟ್ ರಿಪೇರಿ ಮಾಡಿಸಿದರಾ, ಅಥವಾ ಇನ್ನೂ ಮೂರು ಮಹಡಿ ಹತ್ತಿಸುತ್ತಿದ್ದಾರಾ? ಎಣ್ಣೆ ಹಚ್ಚಿಕೊಳ್ಳಿ ಅಂದರೆ ಹೂಂ ಅನ್ನುತ್ತೀರಿ, ಹಚ್ಚಿಕೊಳ್ಳುವುದಿಲ್ಲ, ನನಗೆ ಗೊತ್ತು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗಳು ಪ್ಲಸ್ ಟೂ ಓದುವುದಕ್ಕಿಂತ ನನ್ನ ಜೊತೆ ಜಗಳವಾಡುವುದೇ ಹೆಚ್ಚು. ನಾನು ಕನ್ನಡದಲ್ಲಿ ಬೈದರೆ "ಸರಿಮ್ಮಾ, ವಿಡು" ಅಂತ ತಮಿಳಿನಲ್ಲಿ ಮುಗಿಸಿಬಿಡುತ್ತಾಳೆ.

ಒಂದು ವಾರದಿಂದ ಕಂಪ್ಯೂಟರಿನಲ್ಲಿ ನಿಮ್ಮ ಧ್ವನಿ ಮತ್ತೆ ತುಂಡು ತುಂಡಾಗಿ ಬರುತ್ತಿದೆ. ಸಂಜೆ ನಿಮ್ಮ ಹತ್ತಿರ ಗಣಿತ ಹೇಳಿಸಿಕೊಳ್ಳಲು ಕೂತ ಮಾನ್ಯಾ ಐದು ನಿಮಿಷಕ್ಕೆ ಎದ್ದುಹೋಗುತ್ತಾಳೆ. ಅದಕ್ಕೆ ಮುಂಚೆ ಹನ್ನೊಂದು ದಿನ ನೀವು ಪಕ್ಕದ ಕೋಣೆಯಲ್ಲೇ ಕೂತು ಮಾತಾಡಿದ ಹಾಗಿತ್ತಲ್ಲ, ಅದು ಯಾಕೆ ಬಂತು, ಯಾಕೆ ಹೋಯಿತು ಅಂತ ಹೇಳಲಿಕ್ಕೇ ಈ ಕಾಗದ. ಆಫೀಸಿನ ಇಮೇಲಿನಲ್ಲಿ ಬರೆಯುವ ಹಾಗಿಲ್ಲ. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ.

ನನ್ನ ಸಮಿತಿಯ ವಿಷಯ ನಿಮಗೆ ಗೊತ್ತೇ ಇದೆ. ಇಂಟರ್‌ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಗೆ ಸಹಕರಿಸಬೇಕು ಅಂತ ಐದು ದೇಶದವರು ಕೂತು ಚರ್ಚಿಸುತ್ತಾರೆ, ನಾನು ನಡಾವಳಿ ಬರೆಯುತ್ತೇನೆ. ಚೆನ್ನೈನಿಂದ ಕೊಲಂಬೊಗೆ ಹೊರಟ ಮಾತು ಅಮೆರಿಕ ಸುತ್ತಿಕೊಂಡು ಬರುತ್ತದೆ, ಅದು ನೇರವಾಗಿ ಹೋಗಲಿ ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಎರಡು ಕಡೆಯ ಕೇಬಲ್ ಸೇರುವ ಜಾಗ ಯಾವ ದೇಶದಲ್ಲಿರಬೇಕು ಅನ್ನುವುದರಲ್ಲೇ ಎರಡು ವರ್ಷ ಹೋಯಿತು. ಒಪ್ಪಂದದ ಮೊದಲ ಸಾಲಿನಲ್ಲಿ ಯಾರ ಹೆಸರು ಮುಂದೆ ಬರಬೇಕು ಅಂತ ಒಂದಿಡೀ ಸಭೆ ಕಳೆದರು. ಗೋಡಂಬಿ ತಟ್ಟೆ ಮಾತ್ರ ತಡವಿಲ್ಲದೆ ಖಾಲಿಯಾಗುತ್ತದೆ.

ಇಲ್ಲೇ ಚೆನ್ನೈನ ಪ್ಯಾರೀಸ್ ಕಾರ್ನರ್‌ನ ಒಂದು ಕಟ್ಟಡದಲ್ಲಿ ನಮ್ಮ ಕಡೆಯ ಕಂಪನಿಯ ಯಂತ್ರಗಳೂ ಕೊಲಂಬೊ ಕಂಪನಿಯ ಯಂತ್ರಗಳೂ ಅಕ್ಕಪಕ್ಕದ ಕೋಣೆಗಳಲ್ಲಿವೆ. ನಮ್ಮ ಎಂಜಿನಿಯರ್ ಸಮೀರ್ ಮತ್ತು ಅವರ ಎಂಜಿನಿಯರ್ ಸೇರಿ, ಪರೀಕ್ಷೆ ಮಾಡೋಣ ಅಂತ, ಜುಲೈ ಕೊನೆಯಲ್ಲಿ ನಡುಗೋಡೆಯ ತೂತಿನಲ್ಲಿ ಒಂದು ಕೇಬಲ್ ಎಳೆದರು. ಅಷ್ಟೇ ನೋಡಿ. ಎರಡು ವರ್ಷದಲ್ಲಿ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಯಿತು. ಆಗಸ್ಟ್ ಎರಡರ ಸಭೆಯಲ್ಲಿ ಕಾಫಿ ಕುಡಿಯುವಾಗ ಸಮೀರ್ ಇದನ್ನು ಹೇಳಿದ, ಎಲ್ಲ ದೇಶದವರೂ ಅವನ ಬೆನ್ನು ತಟ್ಟಿದರು. ನಿಮ್ಮ ಧ್ವನಿ ಕೇಳಿದ ಖುಷಿಯಲ್ಲಿ ನಾನು ಅದನ್ನೂ ಕರಡು ನಡಾವಳಿಗೆ ಸೇರಿಸಿದೆ. ಅವನ ಹೆಸರು ಹಾಕಿ, ಅಭಿನಂದನೆ ಅಂತ ಬರೆದು, ಅಂದೇ ಐದೂ ದೇಶಕ್ಕೆ ಕಳಿಸಿದೆ.

ಮಾರನೆಯ ದಿನವೇ ಫೋನು ಶುರುವಾಯಿತು. ಬಾಯಲ್ಲಿದ್ದಾಗ ಎಲ್ಲರೂ ಮೆಚ್ಚಿದ ಕೆಲಸ ಕಾಗದಕ್ಕೆ ಬಂದ ಕೂಡಲೇ ಅಪರಾಧವಾಯಿತು. ಅನುಮತಿ ಕೊಟ್ಟವರು ಯಾರು, ಕಡತ ಎಲ್ಲಿದೆ ಅಂತ ಕೇಳಿದರು. ಸಂಜೆಯೊಳಗೆ ಕೇಬಲ್ ಕಿತ್ತರು, ನಿಮ್ಮ ಧ್ವನಿ ಮತ್ತೆ ತುಂಡಾಯಿತು. ಸಮೀರ್ ಕಾಂಟ್ರ್ಯಾಕ್ಟ್ ಮೇಲೆ ಇರುವವನು, ತನಿಖೆ ಶುರುವಾದರೆ ಅವನ ಕೆಲಸ ಹೋದ ಹಾಗೆಯೇ. ಕ್ಷಮೆ ಕೇಳಲು ಅವನ ಹತ್ತಿರ ಹೋದೆ. "ನೀವು ಒಳ್ಳೇದಕ್ಕೇ ಬರೆದ್ರಿ ಮೇಡಂ. ಆದ್ರೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಅಂದ.

ಈಗ ನಮ್ಮ ಸಮಿತಿಯ ಅಧ್ಯಕ್ಷ ರಘುರಾಮ ಅವರು ಒಂದು ದಾರಿ ಹೇಳಿದ್ದಾರೆ. ಆ ಪ್ಯಾರಾ ತೆಗೆದು ನಡಾವಳಿಯನ್ನು ಮತ್ತೆ ಟೈಪ್ ಮಾಡಬೇಕಂತೆ. ಕರಡಿನಲ್ಲಿದ್ದದ್ದು ನನ್ನ ತಪ್ಪು ತಿಳಿವಳಿಕೆ, ಅಂಥ ಕೇಬಲ್ ಇರಲೇ ಇಲ್ಲ ಅಂತ ನಾನು ಸಹಿ ಹಾಕಬೇಕಂತೆ. ನಡೆದೇ ಇಲ್ಲದ್ದಕ್ಕೆ ತನಿಖೆ ಇರುವುದಿಲ್ಲವಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಒಂದು ಸಾಲೂ ಸುಳ್ಳು ಬರೆದವಳಲ್ಲ. ಅವರ ಮೇಲೆ ಸಿಟ್ಟು ಬರುತ್ತದೆ, ಅದಕ್ಕಿಂತ ಹೆಚ್ಚು ನನ್ನ ಮೇಲೇ ಬರುತ್ತದೆ. ನೀವು ಇಲ್ಲಿದ್ದಿದ್ದರೆ ಏನು ಮಾಡಲಿ ಅಂತ ಕೇಳುತ್ತಿದ್ದೆ. ಈ ಕಾಗದ ನಿಮ್ಮ ಕೈಸೇರುವುದು ಎಂದೋ, ಉತ್ತರ ಕೊಡಬೇಕಾದದ್ದು ನಾಳೆ ಹನ್ನೊಂದು ಗಂಟೆಗೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ರಾಯರು ನಿಮ್ಮನ್ನು ಕಾಪಾಡಲಿ.

ನಿಮ್ಮ
ಅನಸೂಯ

ತಾ.ಕ.: ಶುಕ್ರವಾರ, ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಸಹಿ ಹಾಕಿದೆ. ಸಮೀರ್ ಕೆಲಸ ಉಳಿಯಿತು. ಹಳೆಯ ಕರಡನ್ನು ಅಳಿಸಿದ್ದೇವೆ ಅಂತ ಐದೂ ಕಡೆಯಿಂದ ಒಂದೇ ಗಂಟೆಯೊಳಗೆ ಉತ್ತರ ಬಂತು. ಈ ಸಮಿತಿಯಲ್ಲಿ ಐವರೂ ಒಪ್ಪಿ ಮಾಡಿದ ಮೊದಲ ಕೆಲಸ ಇದು. ನೀವು ನನ್ನ ಕಾಗದಗಳನ್ನು ಓದಿ ಹರಿದುಹಾಕುವವರು. ಇದೊಂದನ್ನು ಹರಿಯಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆದಿರುವುದು ಈಗ ಇದರಲ್ಲಿ ಮಾತ್ರ.